ಗಾರ್ಡನ್‌ಗೆ ಯಾವ ಬ್ರಷ್, ಯಾವ ಪೊರಕೆ, ಯಾವ ಸುಂಕಿನ ಗಿಡ? ದುಡ್ಡು ಕೊಡೋ ಮುಂಚೆ ಸ್ವಲ್ಪ ನೋಡ್ಕೊಳ್ಳಿ

ಗಾರ್ಡನಿಂಗ್ ಶುರು ಮಾಡೋರು ಮಣ್ಣು, ಗೊಬ್ಬರ, ಬೀಜ ಎಲ್ಲದರ ಬಗ್ಗೆನೂ ಹತ್ತು ಜನರನ್ನ ಕೇಳ್ತಾರೆ, ಆದ್ರೆ ಬ್ರಷ್ಷು ಪೊರಕೆ ಅಂತ ಬಂದ್ರೆ ಅಂಗಡಿಯವರು ಕೈಗೆ ಕೊಟ್ಟಿದ್ದನ್ನ ತಗೊಂಡು ಬಂದುಬಿಡ್ತಾರೆ. ಅದರ ಮೇಲೆ, ಬ್ರಷ್ ಎಷ್ಟು ಬಿರುಸಾಗಿದ್ರೆ ಅಷ್ಟು ಒಳ್ಳೇದು ಅನ್ನೋ ನಂಬಿಕೆ ಬೇರೆ. ಅದರಿಂದಲೇ ಕುಂಡ ಗೀರು ಬೀಳೋದು, ತೊಗಟೆ ಕಿತ್ತು ಬರೋದು, ಚಿಗುರು ಮುರಿಯೋದು. ಕೊಳೆ ಎಷ್ಟು ಗಟ್ಟಿ ಇದೆ ಅಂತ ನೋಡೋ ಮುಂಚೆ ಕೊಳೆ ಕೆಳಗೆ ಏನಿದೆ ನೋಡಿ: ಸಿಮೆಂಟಾ, ಸುಟ್ಟ ಮಣ್ಣಾ, ಕಬ್ಬಿಣನಾ, ಜೀವ ಇರೋ ತೊಗಟೆನಾ. ಅದಕ್ಕೆ ತಕ್ಕ ಹಾಗೆ ಬ್ರಷ್ ಆರಿಸಬೇಕು. ಗಿಡಗಳ ಮೈಮೇಲೆ ಇರೋ ಸುಂಕಿನ, ಅಂದ್ರೆ ಮುಳ್ಳಿನಂಥ ಸಣ್ಣ ಕೂದಲಿನ ವಿಷಯದಲ್ಲೂ ಬಿರುಸು ನೋಡಿ ಅಂದಾಜು ಮಾಡಿದ್ರೆ ಮೋಸ ಹೋಗ್ತೀವಿ, ಕಣ್ಣಿಗೆ ರಾಚೋ ದೊಡ್ಡ ಮುಳ್ಳಿಗಿಂತ ಕಾಣಿಸದ ಸಣ್ಣ ಸುಂಕೇ ಜಾಸ್ತಿ ಕಾಟ ಕೊಡೋದು. ಅದಕ್ಕೆ ಮುಂದೆ ಬರ್ತೀನಿ.

ಗುಡಿಸೋಕೆ

ಮಣ್ಣಿನ ಅಂಗಳ, ಕುಂಡಗಳ ಸಂದು, ಒಣಗಿದ ಎಲೆ ಇಂಥ ಕಡೆ ತೆಂಗಿನ ಗರಿಯ ಕಡ್ಡಿ ಪೊರಕೆಗೆ ಸಮ ಇನ್ನೊಂದಿಲ್ಲ ಅಂತ ನಾನು ಧೈರ್ಯವಾಗಿ ಹೇಳ್ತೀನಿ. ಮಂಗಳೂರು ಕಡೆ ಹಿಡಿಸೂಡಿ ಅಂತಾರಲ್ಲ ಅದೇ. ಕಡ್ಡಿ ಬಾಗುತ್ತೆ, ಬಾಗಿ ವಾಪಸ್ ಚಿಮ್ಮುತ್ತೆ, ಹಾಗಾಗಿ ಎಲೆ ಮುಂದಕ್ಕೆ ಹೋಗತ್ತೆ, ಮೇಲ್ಮಣ್ಣು ಅಲ್ಲೇ ಉಳಿಯತ್ತೆ. ದಪ್ಪ ಎಳೆಯ ಪ್ಲಾಸ್ಟಿಕ್ ಪೊರಕೆಯಲ್ಲಿ ಅದೇ ಅಂಗಳ ಗುಡಿಸಿದ್ರೆ ಎಲೆ ಜೊತೆ ಮಣ್ಣೂ ಕೆರೆದು ಬರತ್ತೆ. ಕಡ್ಡಿ ಪೊರಕೆಗೆ ಇರೋ ಒಂದೇ ತೊಂದರೆ ಕಟ್ಟು ಸಡಿಲ ಆಗೋದು. ಹಿಡಿಯ ಬುಡವನ್ನ ನೆಲಕ್ಕೆ ನಾಲ್ಕು ಸಲ ಕುಟ್ಟಿ ಕಡ್ಡಿಗಳನ್ನ ಸಮ ಮಾಡಿ ಹಗ್ಗ ಬಿಗಿದು ಕಟ್ಕೊಂಡ್ರೆ ಮತ್ತೆ ಹೊಸದರ ಹಾಗೇ ಕೆಲಸ ಮಾಡತ್ತೆ. ತಗೊಳ್ಳುವಾಗ ಒಂದು ಕಡ್ಡಿ ಬಗ್ಗಿಸಿ ನೋಡಿ, ಪಟ್ ಅಂತ ಮುರಿದ್ರೆ ಅದು ಹಳೇ ಸರಕು, ಬಿಲ್ಲಿನ ಹಾಗೆ ಬಾಗಿದ್ರೆ ತಗೊಳ್ಳಿ. ಸವೆದು ಮೋಟಾದ ಮೇಲೂ ಬಿಸಾಕಬೇಡಿ, ಬಿಡಿ ಕಡ್ಡಿಗಳು ಟೊಮ್ಯಾಟೊ ಮೆಣಸಿನ ಸಸಿಗೆ ಊರುಗೋಲಾಗಿ ಬರತ್ವೆ, ಕೊನೆಗೆ ಒಲೆಗೋ ಕಾಂಪೋಸ್ಟ್‌ಗೋ ಹೋಗತ್ವೆ.

ಸಿಮೆಂಟ್ ನೆಲ ಒದ್ದೆ ಇದ್ದಾಗ, ನೀರು ತಳ್ಳಬೇಕಾದಾಗ ಮಾತ್ರ ಪ್ಲಾಸ್ಟಿಕ್ ಎಳೆಯದ್ದೇ ಬೇಕು, ಅದು ಕೊಳೆಯಲ್ಲ. ಆದ್ರೆ ಅದನ್ನ ಟೆರೇಸ್ ಮೇಲೆ ಬಿಸಿಲಲ್ಲಿ ಬಿಟ್ರೆ ಎಳೆ ಪೆಡಸಾಗಿ ತುಂಡು ತುಂಡಾಗಿ ಉದುರತ್ತೆ, ಆ ಬಣ್ಣದ ಚೂರೆಲ್ಲ ಕಸದ ಜೊತೆ ಕಾಂಪೋಸ್ಟ್ ಡಬ್ಬಕ್ಕೆ, ಅಲ್ಲಿಂದ ಕುಂಡಕ್ಕೆ. ಒಂದು ಸಲ ಮಣ್ಣಿಗೆ ಸೇರಿದ್ದನ್ನ ಆರಿಸಿ ತೆಗೆಯೋಕೆ ಆಗಲ್ಲ. ಅದಕ್ಕೇ ನೆರಳಲ್ಲಿ, ತಲೆ ಮೇಲಾಗಿ ನೇತು ಹಾಕಿ. ಇನ್ನು ಮನೆ ಒಳಗೆ ಬಳಸೋ ಮೆತ್ತನೆ ಹುಲ್ಲಿನ ಪೊರಕೆ, ಈಶಾನ್ಯ ರಾಜ್ಯಗಳ ಬೆಟ್ಟದಲ್ಲಿ ಬೆಳೆಯೋ ಹುಲ್ಲಿನ ಹೂಗೊಂಚಲಿಂದ ಮಾಡೋದು, ಅದನ್ನ ತೋಟಕ್ಕೆ ತರಲೇಬೇಡಿ, ಒಂದು ಮಳೆ ನೆಂದ್ರೆ ಮುಗೀತು.

ಪಾಚಿ

ಮಲೆನಾಡು, ಕರಾವಳಿ ಕಡೆಯವರಿಗೆ ಇದನ್ನ ಹೇಳಿಕೊಡೋ ಅಗತ್ಯ ಇಲ್ಲ, ಮಳೆಗಾಲದಲ್ಲಿ ಅಂಗಳದಲ್ಲಿ ಜಾರಿ ಬಿದ್ದು ಕೈಕಾಲು ಮುರ್ಕೊಳ್ಳೋರು ಪ್ರತಿ ವರ್ಷ ಇದ್ದಾರೆ. ನಿಂತ್ಕೊಂಡೇ ಉಜ್ಜೋಕೆ ಬರೋ ಹಾಗೆ ಉದ್ದ ಹಿಡಿ ಇರೋ ಗಟ್ಟಿ ನೈಲಾನ್ ಬ್ರಷ್ ಸಾದಾ ಸಿಮೆಂಟ್‌ಗೆ ಸಾಕು. ವೈರ್ ಬ್ರಷ್ ಹಾಕಿ ತಿಕ್ಕಿದ್ರೆ ಇವತ್ತು ಪಳಪಳ ಅನ್ನತ್ತೆ ನಿಜ, ಆದ್ರೆ ಸಿಮೆಂಟಿನ ಮೇಲ್ಪದರ ತರಿತರಿಯಾಗಿ ಮುಂದಿನ ವರ್ಷ ಪಾಚಿಗೆ ಹಿಡ್ಕೊಳ್ಳೋಕೆ ಇನ್ನೂ ಅನುಕೂಲ ಆಗತ್ತೆ. ಇಂಟರ್‌ಲಾಕ್ ಟೈಲ್ಸ್ ಸಂದಿನಲ್ಲಿ ಬೆಳೆಯೋ ಹುಲ್ಲು ಪಾಚಿಗೆ ಮಾತ್ರ ಸಣ್ಣ ತಲೆಯ ವೈರ್ ಬ್ರಷ್ ಇಟ್ಕೊಳ್ಳಿ, ಅದನ್ನ ಸಂದಿನ ಉದ್ದಕ್ಕೇ ಎಳೀಬೇಕು, ಟೈಲ್ ಮೇಲೆ ಅಡ್ಡಡ್ಡ ತಿಕ್ಕಬಾರದು. ಡ್ರಿಲ್ ಮೆಷಿನ್‌ಗೆ ಸಿಕ್ಕಿಸೋ ವೈರ್ ಬ್ರಷ್ಷೂ ಬರತ್ತೆ, ಕೆಲಸ ಬೇಗ ಆಗತ್ತೆ, ಆದ್ರೆ ತಿರುಗುವಾಗ ತಂತಿ ಕಳಚಿ ಹಾರತ್ತೆ, ಕಣ್ಣಿಗೆ ಕನ್ನಡಕ ಇಲ್ಲದೆ ಆನ್ ಮಾಡಬೇಡಿ.

ಕುಂಡ ಮತ್ತೆ ಹತ್ಯಾರು

ಮಣ್ಣಿನ ಕುಂಡದ ಹೊರಗೆ ಬಿಳಿ ಬಿಳಿ ಪಟ್ಟೆ ಕಟ್ಟುತ್ತಲ್ಲ, ಅದು ನೀರಲ್ಲಿ ಗೊಬ್ಬರದಲ್ಲಿ ಇರೋ ಉಪ್ಪು, ಬೋರ್‌ವೆಲ್ ನೀರಾದ್ರೆ ಇನ್ನೂ ಜಾಸ್ತಿ. ತೆಂಗಿನ ನಾರಿನ ಬ್ರಷ್ ಇದಕ್ಕೆ ಹೇಳಿ ಮಾಡಿಸಿದ್ದು. ಒಂದು ಪಾಲು ವಿನೆಗರ್‌ಗೆ ನಾಲ್ಕೈದು ಪಾಲು ನೀರು ಸೇರಿಸಿ ಖಾಲಿ ಕುಂಡ ಅರ್ಧ ಗಂಟೆ ನೆನೆಸಿ, ಆಮೇಲೆ ನಾರಿನ ಬ್ರಷ್‌ನಲ್ಲಿ ತಿಕ್ಕಿದ್ರೆ ಸಲೀಸಾಗಿ ಬಿಡತ್ತೆ. ನೈಲಾನ್ ಬ್ರಷ್ಷೂ ಆಗತ್ತೆ, ಗ್ಲೇಜ್ ಇರೋ ಪಿಂಗಾಣಿ ಕುಂಡಕ್ಕೆ, ಪ್ಲಾಸ್ಟಿಕ್ ಪಾಟ್‌ಗೆ ಅದೇ ವಾಸಿ. ವೈರ್ ಬ್ರಷ್ ಯಾವ ಕುಂಡಕ್ಕೂ ಬೇಡ. ರೋಗ ಬಂದು ಸತ್ತ ಗಿಡದ ಕುಂಡ ಆದ್ರೆ ಮೊದಲು ತಿಕ್ಕಿ ಮಣ್ಣೆಲ್ಲ ತೆಗೆದು, ಒಂದು ಪಾಲು ಬ್ಲೀಚ್‌ಗೆ ಒಂಬತ್ತು ಪಾಲು ನೀರಲ್ಲಿ ಹತ್ತು ನಿಮಿಷ ಮುಳುಗಿಸಿಟ್ಟು ಚೆನ್ನಾಗಿ ತೊಳೀರಿ. ವಿನೆಗರ್ ಮತ್ತೆ ಬ್ಲೀಚ್ ಎರಡನ್ನೂ ಒಂದೇ ಬಕೆಟ್‌ಗೆ ದಯವಿಟ್ಟು ಹಾಕಬೇಡಿ, ಕ್ಲೋರಿನ್ ಗ್ಯಾಸ್ ಏಳತ್ತೆ, ಅದು ಶ್ವಾಸಕೋಶಕ್ಕೆ ವಿಷ.

ಗುದ್ದಲಿ, ಹಾರೆ, ಕುಡುಗೋಲಿನ ತುಕ್ಕಿಗೆ ಸ್ಟೀಲ್ ವೈರ್ ಬ್ರಷ್ ಸರಿ, ಅದಕ್ಕೇ ಅದು ಇರೋದು. ಗಿಡ ಕತ್ತರಿಸೋ ಕಟ್ಟರ್‌ಗೆ ಹಿತ್ತಾಳೆ ತಂತಿಯ ಬ್ರಷ್ ತಗೊಳ್ಳಿ, ಸ್ಟೀಲಿಗಿಂತ ಮೆತ್ತಗಿರೋದ್ರಿಂದ ಅಂಟು ಹೋಗತ್ತೆ, ಅಲಗಿನ ಮೊನೆ ಉಳಿಯತ್ತೆ. ಬ್ಲೇಡಿಗೆ ಕಪ್ಪು ಕೋಟಿಂಗ್ ಇದ್ರೆ ಹಿತ್ತಾಳೆಯೂ ಬೇಡ, ಹಳೇ ಟೂತ್‌ಬ್ರಷ್ಷು ಸೋಪ್ ನೀರು ಸಾಕು. ಝಿಂಕ್ ಲೇಪದ ತಗಡಿನ ವಾಟರಿಂಗ್ ಕ್ಯಾನ್‌ಗೆ ವೈರ್ ಬ್ರಷ್ ತಾಗಿಸಿದ್ರಂತೂ ಆ ಲೇಪ ಹೋಗಿ ಅಲ್ಲಿಂದಲೇ ತುಕ್ಕು ಶುರು.

ತೊಗಟೆ: ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ

ಗಿಡದ ಕಾಂಡ ಉಜ್ಜೋ ಕೆಲಸ ಎಲ್ಲ ಗಿಡಕ್ಕೂ ಬೇಕಾಗಲ್ಲ, ಆದ್ರೆ ಬೇಕಾದ ಕಡೆ ಬ್ರಷ್ ತಪ್ಪಿದ್ರೆ ಗಿಡಾನೇ ಹೋಗತ್ತೆ. ಇದಕ್ಕೆ ಒಳ್ಳೇ ಉದಾಹರಣೆ ನಮ್ಮ ಚಿಕ್ಕಮಗಳೂರು, ಕೊಡಗು, ಹಾಸನದ ಕಾಫಿ ತೋಟಗಳಲ್ಲೇ ಇದೆ. ಅರೇಬಿಕಾ ಕಾಫಿಗೆ ಬಿಳಿ ಕಾಂಡಕೊರಕ ಅನ್ನೋ ದುಂಬಿ ದೊಡ್ಡ ಶತ್ರು. ಹೆಣ್ಣು ದುಂಬಿ ಮುಖ್ಯ ಕಾಂಡ ಮತ್ತೆ ದಪ್ಪ ರೆಂಬೆಗಳ ತೊಗಟೆ ಬಿರುಕಿನಲ್ಲಿ, ಸಡಿಲ ಸಿಪ್ಪೆಯ ಅಡಿಯಲ್ಲಿ ಮೊಟ್ಟೆ ಇಡತ್ತೆ, ಮರಿ ಹುಳ ಒಳಗೆ ಕೊರೆದುಕೊಂಡು ಹೋಗತ್ತೆ, ಕಾಂಡದ ಮೇಲೆ ಬಳೆ ಹಾಗೆ ಉಬ್ಬು ಕಾಣಿಸೋ ಹೊತ್ತಿಗೆ ಒಳಗೆ ಸುರಂಗ ಆಗಿರತ್ತೆ. ದುಂಬಿ ಹಾರೋದು ಎರಡು ಕಾಲದಲ್ಲಿ, ಏಪ್ರಿಲ್-ಮೇ ಒಂದು, ಅಕ್ಟೋಬರ್‌ನಿಂದ ಡಿಸೆಂಬರ್ ಇನ್ನೊಂದು. ಅದಕ್ಕೇ ಆ ಸಮಯಕ್ಕೆ ಮುಂಚೆ ಸಡಿಲ ತೊಗಟೆ ಉಜ್ಜಿ ತೆಗೆದುಬಿಟ್ರೆ ಮೊಟ್ಟೆ ಇಡೋಕೆ ಜಾಗಾನೇ ಇರಲ್ಲ.

ಈಗ ಯಾವುದರಲ್ಲಿ ಉಜ್ಜೋದು? ಕಾಫಿ ಬೋರ್ಡ್‌ನೋರು ಹೇಳೋದು ನಾರಿನ ಗ್ಲೌಸ್ ಅಥವಾ ತೆಂಗಿನಕಾಯಿ ಸಿಪ್ಪೆ. ಕತ್ತಿ, ಚೂಪಾದ ಹತ್ಯಾರು ಬಳಸಬೇಡಿ ಅಂತ ಸ್ಪಷ್ಟವಾಗಿ ಹೇಳ್ತಾರೆ. ಬಾಳೆಹೊನ್ನೂರಿನ ಹತ್ತಿರ 1925ರಲ್ಲಿ ಶುರುವಾದ ಕಾಫಿ ಸಂಶೋಧನಾ ಕೇಂದ್ರ ಇದೆ, ಇಷ್ಟು ವರ್ಷ ಕಾಫಿ ಗಿಡ ನೋಡಿದೋರ ಮಾತಿಗೆ ಬೆಲೆ ಕೊಡ್ಬೇಕು. ಕಾರಣಾನೂ ಸರಳ, ಸಡಿಲ ಸಿಪ್ಪೆಯ ಕೆಳಗೇ ಹಸಿರು ಪದರ ಇದೆ, ಗಿಡದ ಆಹಾರ ಓಡಾಡೋ ದಾರಿ ಅದೇ. ನಾರು ಸಡಿಲ ಇದ್ದಿದ್ದನ್ನ ಎಬ್ಬಿಸಿ ಹಸಿರು ಸಿಗೋ ಹೊತ್ತಿಗೆ ಜಾರತ್ತೆ, ತಂತಿ ಆದ್ರೆ ನಿಲ್ಲದೆ ಒಳಗೆ ಇಳಿಯತ್ತೆ. ಇನ್ನೊಂದು ಅನುಕೂಲ ಏನಂದ್ರೆ ಗ್ಲೌಸ್ ಹಾಕಿದ ಕೈ ಕಾಂಡದ ಸುತ್ತ ಹಿಡ್ಕೊಳ್ಳತ್ತೆ, ಚಪ್ಪಟೆ ಬ್ರಷ್ ಒಂದು ಗೆರೆಯಲ್ಲಿ ಮಾತ್ರ ತಾಗೋದು. ಉಜ್ಜಿದ ಮೇಲೆ 10% ಸುಣ್ಣದ ದ್ರಾವಣ ಬಳಿಯೋ ಪದ್ಧತಿಯೂ ಇದೆ, ಅದಕ್ಕೆ ದಪ್ಪ ಕೂದಲಿನ ಸುಣ್ಣದ ಬ್ರಷ್ಷೇ ಸರಿ. ಇದೆಲ್ಲ ಮಾಡಿದ್ರೂ ತೋಟದಲ್ಲಿ ನೆರಳು ಕಮ್ಮಿ ಇದ್ರೆ ಕಾಂಡಕೊರಕ ಬಿಡಲ್ಲ, ಬಿಸಿಲು ಬೀಳೋ ಕಾಂಡ ಅಂದ್ರೆ ಅದಕ್ಕೆ ಇಷ್ಟ.

ಮನೆ ಹಿತ್ತಲಿಗೆ ಇದರಿಂದ ತಗೋಬೇಕಾದ್ದು: ಜೀವ ಇರೋ ಕಾಂಡಕ್ಕೆ ನಾರಿಗಿಂತ ಬಿರುಸಾಗಿದ್ದು ಯಾವತ್ತೂ ಬೇಡ. ಮಾವಿನ ಮರದ ಮೇಲೆ, ದಾಸವಾಳದ ಹಳೇ ಕಾಂಡದ ಮೇಲೆ ಬೂದು ಹಸಿರು ಬಣ್ಣದ ಕಲ್ಲುಹೂವು ಬಂದ್ರೆ ಗಾಬರಿಯಾಗಿ ವೈರ್ ಬ್ರಷ್ ಹಿಡ್ಕೊಂಡು ಹೋಗೋರಿದ್ದಾರೆ. ಕಲ್ಲುಹೂವು ಮರದಿಂದ ಏನೂ ಹೀರಲ್ಲ, ಬರೀ ಕೂತಿರತ್ತೆ, ಬಿಟ್ಬಿಡಿ. ಸೀಬೆ ಮರ ತನ್ನ ಸಿಪ್ಪೆನ ತಾನೇ ಉದುರಿಸ್ಕೊಳ್ಳತ್ತೆ, ಅದಕ್ಕೂ ನಮ್ಮ ಸಹಾಯ ಬೇಡ.

ಎಲೆ ಮತ್ತೆ ಹುಳ

ದಾಸವಾಳದ ಹಿಟ್ಟು ತಿಗಣೆಗೆ, ಬಲಿತ ಕಾಂಡಕ್ಕೆ ಅಂಟಿಕೊಂಡಿರೋ ಚಿಪ್ಪಿನ ಹುಳಕ್ಕೆ ಸಾಫ್ಟ್ ಅಂತ ಬರೆದಿರೋ ಟೂತ್‌ಬ್ರಷ್ ಸೋಪ್ ನೀರಲ್ಲಿ ಅದ್ದಿ ಉಜ್ಜಿದ್ರೆ ಆಗತ್ತೆ. ಎಳೆ ಚಿಗುರಿಗೆ ಅದೂ ಬೇಡ, ಪೈಪಿನಲ್ಲಿ ಜೋರಾಗಿ ನೀರು ಬಿಟ್ರೆ ಸಾಕು. ಕ್ಯಾಕ್ಟಸ್ ಮುಳ್ಳಿನ ನಡುವೆ ಸೇರಿಕೊಂಡಿರೋದಕ್ಕೆ ಟೂತ್‌ಬ್ರಷ್ ಹೋಗಲ್ಲ, ಸಣ್ಣ ವಾಟರ್‌ಕಲರ್ ಬ್ರಷ್‌ನ 70% ಸ್ಪಿರಿಟ್‌ನಲ್ಲಿ ಅದ್ದಿ ಒಂದೊಂದೇ ಹುಳಕ್ಕೆ ಮುಟ್ಟಿಸಿ, ಬಿಳಿ ಹಿಟ್ಟು ಕರಗಿ ಕಂದು ಬಣ್ಣಕ್ಕೆ ತಿರುಗಿದ್ರೆ ಅದಕ್ಕೆ ತಾಗಿದೆ ಅಂತ ಅರ್ಥ. ಆಫ್ರಿಕನ್ ವಯೊಲೆಟ್ ತರ ಎಲೆ ತುಂಬ ಕೂದಲಿರೋ ಗಿಡಕ್ಕೆ ಒದ್ದೆ ಬಟ್ಟೆ ತಾಗಿಸಬಾರದು, ನೀರು ನಿಂತು ಕಲೆ ಬೀಳತ್ತೆ, ಅದಕ್ಕೆ ಒಣಗಿದ ಮೆತ್ತನೆ ಬ್ರಷ್‌ನಲ್ಲಿ ಬುಡದಿಂದ ತುದಿ ಕಡೆಗೆ ಧೂಳು ಸವರಿ ತೆಗೀಬೇಕು. ನುಣುಪು ಎಲೆಗೆ ಉಲ್ಟಾ, ಒದ್ದೆ ಬಟ್ಟೆನೇ ವಾಸಿ. ಮತ್ತೆ ಹುಳ ಇರೋ ಗಿಡಕ್ಕೆ ಬಳಸಿದ ಬ್ರಷ್ ತೊಳೆಯದೆ ಇನ್ನೊಂದಕ್ಕೆ ತಾಗಿಸಿದ್ರೆ ನಾವೇ ಹುಳ ಹಂಚಿದ ಹಾಗೆ.

ಕೈಯಿಂದ ಪರಾಗಸ್ಪರ್ಶ

ಟೆರೇಸ್ ಗಾರ್ಡನ್ ಮಾಡೋರು ಜಾಸ್ತಿ ಕೇಳೋ ಪ್ರಶ್ನೆ, ಬಳ್ಳಿ ತುಂಬ ಹೂ ಇದೆ ಆದ್ರೆ ಮಿಡಿ ಹಳದಿಯಾಗಿ ಉದುರತ್ತೆ ಯಾಕೆ ಅಂತ. ಎಷ್ಟೋ ಸಲ ಕಾರಣ ಜೇನು ದುಂಬಿ ಬರದೇ ಇರೋದು. ಬ್ರಷ್ ತಗೊಳ್ಳೋ ಮುಂಚೆ ಯಾವ ಹೂ ಯಾವಾಗ ಅರಳತ್ತೆ ಗೊತ್ತಿರ್ಬೇಕು, ಇಲ್ಲಾಂದ್ರೆ ಎಂಥ ಬ್ರಷ್ ಇದ್ರೂ ಪ್ರಯೋಜನ ಇಲ್ಲ. ಸಿಹಿಗುಂಬಳ, ಸೌತೆ, ಹಾಗಲ ಬೆಳಗ್ಗೆ ಅರಳತ್ವೆ, ಕುಂಬಳದ ಹೂ ಬಿಸಿಲೇರೋ ಹೊತ್ತಿಗೆ ಮುಚ್ಚಿಕೊಳ್ಳೋಕೆ ಶುರು ಮಾಡತ್ತೆ. ಹೀರೆ, ಸೋರೆ, ಪಡವಲ ಸಂಜೆ ಮೇಲೆ. ಸೋರೆ ಹೂಗೆ ಬೆಳಗ್ಗೆ ಹತ್ತು ಗಂಟೆಗೆ ಬ್ರಷ್ ಹಿಡ್ಕೊಂಡು ನಿಂತ್ರೆ ಆ ಹೂ ಆಗಲೇ ಬಾಡಿರತ್ತೆ.

ಕುಂಬಳದ ಪರಾಗ ದೊಡ್ಡದು, ಅಂಟಂಟು, ಬ್ರಷ್ ಕೂದಲಲ್ಲಿ ಅರ್ಧ ಅಲ್ಲೇ ಸಿಕ್ಕಿ ಉಳಿಯತ್ತೆ. ಅದಕ್ಕೇ ಕುಂಬಳ ಸೋರೆಗೆ ನನ್ನ ಸಲಹೆ ಬ್ರಷ್ ಬೇಡವೇ ಬೇಡ, ಗಂಡು ಹೂ ಕಿತ್ತು ದಳ ಹಿಂದಕ್ಕೆ ಮಡಚಿ ನೇರ ಹೆಣ್ಣು ಹೂವಿನ ಮಧ್ಯಕ್ಕೆ ಸವರಿ. ಹೆಣ್ಣು ಹೂ ಅಂದ್ರೆ ಹಿಂದೆ ಪುಟ್ಟ ಕಾಯಿ ಇರೋದು. ಮಧ್ಯದಲ್ಲಿರೋ ಹಾಲೆಗಳಿಗೆಲ್ಲ ಪರಾಗ ತಾಗಬೇಕು, ಒಂದೇ ಕಡೆ ತಾಗಿದ್ರೆ ಕಾಯಿ ಸೊಟ್ಟ ಬರತ್ತೆ. ಹಾಗಲ, ಸೌತೆ ಹೂ ಚಿಕ್ಕದು, ಕೈಯಲ್ಲಿ ಹಿಡಿಯೋದು ಕಷ್ಟ, ಅದಕ್ಕೆ 2 ಅಥವಾ 3ನೇ ನಂಬರಿನ ದುಂಡು ತುದಿಯ ವಾಟರ್‌ಕಲರ್ ಬ್ರಷ್ ಚೆನ್ನ. ನೈಲಾನ್ ಕೂದಲಿಗಿಂತ ಪ್ರಾಣಿ ಕೂದಲಿನದ್ದು ಪರಾಗ ಹಿಡಿಯತ್ತೆ, ಯಾಕಂದ್ರೆ ಅದರ ಮೈ ನುಣುಪಾಗಿರಲ್ಲ. ಡ್ರ್ಯಾಗನ್ ಫ್ರೂಟ್ ಹೂ ರಾತ್ರಿ ಅರಳಿ ಬೆಳಗ್ಗೆ ಬಾಡೋದು, ಪರಾಗ ಧಾರಾಳ, ಒಂದು ಬಟ್ಟಲಲ್ಲಿ ಉದುರಿಸಿಕೊಂಡು ಅಗಲದ ಮೆತ್ತನೆ ಮೇಕಪ್ ಬ್ರಷ್‌ನಲ್ಲಿ ಬಳಿದ್ರೆ ಬೇಗ ಆಗತ್ತೆ. ಕೆಲವು ತಳಿಗಳಿಗೆ ತನ್ನದೇ ಪರಾಗ ಒಗ್ಗಲ್ಲ, ಬೇರೆ ತಳಿಯ ಹೂವಿನದ್ದೇ ಬೇಕು, ಗಿಡ ತಗೊಳ್ಳುವಾಗಲೇ ನರ್ಸರಿಯಲ್ಲಿ ಇದನ್ನ ಕೇಳಿ.

ಟೊಮ್ಯಾಟೊ, ಬದನೆಗೆ ಬ್ರಷ್‌ನಿಂದ ಸವರೋದೇ ವ್ಯರ್ಥ. ಅವುಗಳ ಪರಾಗ ಕೊಳವೆ ಒಳಗೆ ಇರತ್ತೆ, ತುದಿಯ ರಂಧ್ರದಿಂದ ಹೊರಗೆ ಬರ್ಬೇಕಾದ್ರೆ ಹೂ ಅದುರಬೇಕು. ಕರಿ ದುಂಬಿ, ನೀಲಿ ಪಟ್ಟೆಯ ಜೇನು ಹೂ ಹಿಡ್ಕೊಂಡು ಝೇಂಕರಿಸಿ ಉದುರಿಸ್ಕೊಳ್ಳತ್ವೆ, ಸಾಕೋ ಜೇನಿಗೆ ಆ ವಿದ್ಯೆ ಇಲ್ಲ. ಬ್ಯಾಟರಿ ಟೂತ್‌ಬ್ರಷ್ ಇದ್ರೆ ಆನ್ ಮಾಡಿ ಅದರ ಬೆನ್ನನ್ನ ಹೂಗೊಂಚಲಿನ ತೊಟ್ಟಿಗೆ ಒಂದೆರಡು ಸೆಕೆಂಡ್ ತಾಗಿಸಿ, ಹಳದಿ ಪುಡಿ ಹೊಗೆ ತರ ಬೀಳೋದು ಕಣ್ಣಿಗೇ ಕಾಣಿಸತ್ತೆ. ಇಬ್ಬನಿ ಆರಿದ ಮೇಲೆ, ಮಧ್ಯಾಹ್ನದ ಹತ್ತಿರ ಮಾಡಿ.

ಗಿಡಗಳ ಸುಂಕು: ಯಾವುದು ಮನೆಗೆ, ಯಾವುದು ಬೇಡ

ಬೆಂಡೆ ಬೆಳೆಯೋ ಆಸೆ ಇದೆ ಆದ್ರೆ ಕುಯ್ಯುವಾಗ ಕೈ ತುರಿಕೆ ಅನ್ನೋರಿಗೆ ತಳಿ ಆಯ್ಕೆಯಲ್ಲೇ ಉತ್ತರ ಇದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕಾ ಕಾಯಿಗೆ ಮುಳ್ಳುಸುಂಕು ಇಲ್ಲ, ಹಳದಿ ನರದ ರೋಗವನ್ನೂ ತಡೆಯೋ ಹಾಗೆ ಮಾಡಿದ ತಳಿ ಅದು. ಆದ್ರೂ ಎಲೆ, ಕಾಂಡ ತಾಗಿದ್ರೆ ಸೂಕ್ಷ್ಮ ಚರ್ಮದವರಿಗೆ ಕೆರೆತ ಬರಬಹುದು, ತುಂಬು ತೋಳಿನ ಅಂಗಿ ಹಾಕೊಳ್ಳಿ.

ಕ್ಯಾಕ್ಟಸ್ ತಗೊಳ್ಳೋ ಮನೆಯಲ್ಲಿ ಮಕ್ಕಳಿದ್ರೆ ಇದನ್ನ ಓದ್ಲೇಬೇಕು. ನರ್ಸರಿಯಲ್ಲಿ ಮೊಲದ ಕಿವಿ ಆಕಾರದ, ಹಳದಿ ಅಥವಾ ಬಿಳಿ ಚುಕ್ಕೆಯ ಪುಟ್ಟ ಕಳ್ಳಿ ಸಿಗತ್ತೆ, ಬನ್ನಿ ಇಯರ್ ಅಂತಾರೆ, ನಮ್ಮ ಪಾಪಾಸುಕಳ್ಳಿಯ ಜಾತಿ. ಉದ್ದ ಮುಳ್ಳೇ ಇಲ್ಲ, ನೋಡೋಕೆ ವೆಲ್ವೆಟ್. ಆದ್ರೆ ಒಂದೊಂದು ಚುಕ್ಕೆಯೂ ಹಿಮ್ಮುಖ ಕೊಕ್ಕೆ ಇರೋ ಸಣ್ಣ ಸುಂಕಿನ ಕಂತೆ, ಮುಟ್ಟಿದ್ರೆ ಸಾಕು ಕಿತ್ತು ಬಂದು ಚರ್ಮದಲ್ಲಿ ಸೇರ್ಕೊಳ್ಳತ್ತೆ. ಪಕ್ಕದಲ್ಲಿ ದೊಡ್ಡ ಹಳದಿ ಮುಳ್ಳಿನ ಗೋಲ್ಡನ್ ಬ್ಯಾರಲ್ ಭಯಂಕರವಾಗಿ ಕಾಣಿಸಿದ್ರೂ ಅದು ಚುಚ್ಚಿದ್ರೆ ಗೊತ್ತಾಗತ್ತೆ, ಕೈ ಹಿಂದಕ್ಕೆ ತಗೋತೀವಿ, ಮುಳ್ಳು ಗಿಡದಲ್ಲೇ ಉಳಿಯತ್ತೆ. ಎರಡರಲ್ಲಿ ಒಂದು ಅಂದ್ರೆ ನಾನು ಎರಡನೇದೇ ಹೇಳೋದು. ಸುಂಕು ಹೊಕ್ಕಿದ್ರೆ ಉಜ್ಜಬೇಡಿ, ಬಾಯಲ್ಲಿ ಕಚ್ಚಿ ತೆಗೆಯೋಕಂತೂ ಹೋಗ್ಲೇಬೇಡಿ, ನಾಲಿಗೆಗೆ ಸೇರತ್ತೆ. ಚಿಮುಟದಲ್ಲಿ ಸಿಕ್ಕಷ್ಟು ಕಿತ್ತು, ಉಳಿದಿದ್ದರ ಮೇಲೆ ಬಿಳಿ ಗಮ್ ತೆಳ್ಳಗೆ ಹಚ್ಚಿ ತೆಳು ಬಟ್ಟೆ ಅಂಟಿಸಿ ಒಣಗಿದ ಮೇಲೆ ಎಳೀರಿ.

ನಸುಗುನ್ನಿಯಲ್ಲೂ ಇಂಥದೇ ಎರಡು ಆಯ್ಕೆ ಇದೆ. ಕಾಡು ನಸುಗುನ್ನಿ ಕಾಯಿಯ ಕಂದು ಸುಂಕಿನಲ್ಲಿ ಮ್ಯುಕುನೇನ್ ಅನ್ನೋ ಪ್ರೋಟೀನ್ ಇರತ್ತೆ, ತುರಿಕೆಗೆ ಅದೇ ಕಾರಣ, ಗಾಳಿಗೆ ಹಾರಿ ಬಂದ್ರೂ ಮೈಯೆಲ್ಲ ಉರಿ. ಇದೇ ಜಾತಿಯಲ್ಲಿ ಸುಂಕಿನ ಕಾಟ ಇಲ್ಲದ ಸಾಕಿದ ತಳಿ ಇದೆ, ವೆಲ್ವೆಟ್ ಬೀನ್ ಅಂತ ಬೀಜ ಮಾರ್ತಾರೆ, ತೋಟದಲ್ಲಿ ಕಳೆ ಮುಚ್ಚೋಕೆ, ಮಣ್ಣಿಗೆ ಸಾರಜನಕ ಸೇರಿಸೋಕೆ ಹೊದಿಕೆ ಬೆಳೆಯಾಗಿ ಹಾಕೋದು ಇದನ್ನೇ. ಬೀಜ ನೋಡಿ ವ್ಯತ್ಯಾಸ ಹೇಳೋದು ಕಷ್ಟ, ಹಾಗಾಗಿ ಬೇಲಿ ಸಾಲಿಂದ ಆರಿಸಿಕೊಂಡು ಬಂದ ಬೀಜ ಹಾಕಬೇಡಿ, ಹಿಂದಿನ ಬೆಳೆಯ ಕಾಯಿ ನೋಡಿದೋರ ಹತ್ತಿರಾನೇ ತಗೊಳ್ಳಿ. ಮೈಗೆ ತಾಗಿದ್ರೆ ಮೊದಲು ಸೆಲ್ಲೋ ಟೇಪ್ ಒತ್ತಿ ಒತ್ತಿ ಎತ್ತಿ, ಆಮೇಲೆ ತೊಳೀರಿ, ಉಜ್ಜಿದಷ್ಟೂ ಹರಡತ್ತೆ.

ಚಂದಕ್ಕೆ ಅಂತ ನೆಡೋ ಫೌಂಟನ್ ಗ್ರಾಸ್ ಈಗ ಬೆಂಗಳೂರಿನ ಲ್ಯಾಂಡ್‌ಸ್ಕೇಪ್‌ಗಳಲ್ಲಿ ಜಾಸ್ತಿ ಕಾಣಿಸ್ತಿದೆ, ಸುಂಕು ತುಂಬಿದ ತೆನೆ ಗಾಳಿಗೆ ಬಾಗೋದು ನಿಜಕ್ಕೂ ಸೊಗಸು. ಹಸಿರು ಎಲೆಯದ್ದು ಬೀಜ ಉದುರಿಸಿ ಹರಡತ್ತೆ, ಹವಾಯಿಯಲ್ಲಿ ಅದು ದೊಡ್ಡ ಕಳೆಯಾಗಿ ಕಾಡಿನ ಬೆಂಕಿಗೂ ಮೇವಾಗಿದೆ. ನೇರಳೆ ಎಲೆಯ ರುಬ್ರಮ್ ಅನ್ನೋ ತಳಿ ಬೀಜ ಕಟ್ಟೋದು ಇಲ್ಲವೇ ಇಲ್ಲ ಅನ್ನೋಷ್ಟು ಕಮ್ಮಿ, ಹಾಕೋದಾದ್ರೆ ಅದನ್ನ ಹಾಕಿ. ನಾಯಿ ಸಾಕಿರೋರು ಒಣಗಿದ ತೆನೆಗಳನ್ನ ಕತ್ತರಿಸ್ತಾ ಇರಿ, ಹುಲ್ಲಿನ ಸುಂಕು ಕಿವಿಗೆ, ಕಾಲ್ಬೆರಳ ಸಂದಿಗೆ ಹೋದ್ರೆ ಮುಂದಕ್ಕೇ ಹೋಗತ್ತೆ, ವಾಪಸ್ ಬರಲ್ಲ. ಆದ್ರೆ ಸುಂಕು ಅಂದ್ರೆ ಕೆಟ್ಟದ್ದೇ ಅಂತ ತಿಳ್ಕೋಬೇಡಿ, ನವಣೆ ಸಜ್ಜೆ ಬೆಳೆಯೋರು ಉದ್ದ ಸುಂಕಿನ ತೆನೆಯ ತಳಿ ಹುಡುಕ್ತಾರೆ, ಅದಕ್ಕೆ ಹಕ್ಕಿ ಕೂತು ತಿನ್ನೋದು ಕಷ್ಟ.

ಕೊನೆಗೆ ಬಾಟಲ್ ಬ್ರಷ್ ಮರ. ಆಸ್ಟ್ರೇಲಿಯಾ ಮೂಲದ್ದು, ಕೆಂಪಾಗಿ ಕಾಣೋದು ದಳ ಅಲ್ಲ ಕೇಸರಗಳು, ಮುಟ್ಟಿದ್ರೆ ಮೆತ್ತಗೆ, ಸೂರಕ್ಕಿ ಜೇನು ಎರಡೂ ಬರತ್ವೆ. ಜಾಗ ಇದ್ರೆ ರೆಂಬೆ ಜೋಲು ಬೀಳೋ ಜಾತಿ ಹಾಕಿ, ಅದು ಮರದಷ್ಟು ಆಗತ್ತೆ. ಕಾಂಪೌಂಡ್ ಪಕ್ಕದ ಸಣ್ಣ ಜಾಗಕ್ಕೆ ನೆಟ್ಟಗೆ ಪೊದೆಯಾಗಿ ಬೆಳೆಯೋದನ್ನ ಕೇಳಿ ತಗೊಳ್ಳಿ, ಎಲೆ ಹಿಸುಕಿದ್ರೆ ನಿಂಬೆ ವಾಸನೆ ಬರತ್ತೆ. ಎರಡಕ್ಕೂ ಹೂ ಮುಗಿದ ತಕ್ಷಣ ಒಣಗಿದ ಬ್ರಷ್‌ನ ಸ್ವಲ್ಪ ಹಿಂದಕ್ಕೆ ಕತ್ತರಿಸಿ. ಬಿಟ್ರೆ ಕಾಂಡಕ್ಕೆ ಮಣಿ ಪೋಣಿಸಿದ ಹಾಗೆ ಗಟ್ಟಿ ಕಾಯಿಗಳು ವರ್ಷಗಟ್ಟಲೆ ಕೂತು ಆ ಭಾಗ ಬೋಳಾಗೇ ಉಳಿಯತ್ತೆ, ಕತ್ತರಿಸಿದ್ರೆ ಅಲ್ಲಿಂದಲೇ ಎರಡು ಮೂರು ಚಿಗುರು ಒಡೆದು ಮುಂದಿನ ಸಲ ಹೂ ಜಾಸ್ತಿ ಬರತ್ತೆ.